ಸೋತವರ ಮನೆಯ ಊಟ

ಕೆಲವು ವರ್ಷಗಳ ಹಿಂದೆ ಕಾನೂನು ಕಾಲೇಜೊಂದರವರು ಸಮಿತಿ ಮಾಡಿದ್ದರು. ವಕೀಲಿ ಓದುವ ಹುಡುಗರಿಗೆ ಕಲಿಸುವ ರೀತಿಯನ್ನು ಬದಲಾಯಿಸಬೇಕಂತೆ. ಹಳೆಯ ವಕೀಲನೊಬ್ಬ ಇದ್ದರೆ ಶೋಭೆ ಎಂದು ನನ್ನನ್ನೂ ಕರೆದರು. ಚಹಾ ಚೆನ್ನಾಗಿತ್ತು. ಪುಸ್ತಕ ಹೆಚ್ಚು ಮಾಡಿರಿ ಎಂದರು ಒಬ್ಬರು, ಕಡಿಮೆ ಮಾಡಿರಿ ಎಂದರು ಇನ್ನೊಬ್ಬರು. ಕಾಲೇಜಿನೊಳಗೆ ಒಂದು ಸುಳ್ಳು ಕೋರ್ಟು ಕಟ್ಟಿಸಿ ಹುಡುಗರಿಂದ ವಾದ ಮಾಡಿಸಬೇಕು ಎಂದರು ಮೂರನೆಯವರು. ನನ್ನ ಸರದಿ ಬಂದಾಗ ನಾನು, ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊಕದ್ದಮೆ ಸೋತವನೊಬ್ಬನ ಜೊತೆ ಅವನ ಊರಿಗೆ ಹೋಗಿ ಅವನ ಮನೆಯಲ್ಲಿ ಉಂಡು ಬರಬೇಕು ಎಂದೆ. ಅಧ್ಯಕ್ಷರು ಊಟದ ಖರ್ಚು ಯಾರದು ಎಂದು ಕೇಳಿದರು. ಸೋತವನದೇ ಎಂದೆ. ಆಮೇಲೆ ನನ್ನನ್ನು ಯಾವ ಸಮಿತಿಗೂ ಯಾರೂ ಕರೆದಿಲ್ಲ.

ನಾನು ಚೇಷ್ಟೆ ಮಾಡಿರಲಿಲ್ಲ. ನಾನು ವಕೀಲಿ ಕಲಿತದ್ದೇ ಹಾಗೆ.

ಹೈದರಾಬಾದಿನಲ್ಲಿ ನಾನು ಕಾನೂನು ಓದಿದ್ದು ಉರ್ದುವಿನಲ್ಲಿ. ಪರೀಕ್ಷೆ ಮುಗಿಸಿ ಬೀದರಿಗೆ ಬರುವಷ್ಟರಲ್ಲಿ ಪೊಲೀಸ್ ಆಕ್ಷನ್ ಆಗಿ ನಿಜಾಮರ ಸರ್ಕಾರವೇ ಬದಲಾಗಿತ್ತು. ಶುಕ್ರವಾರದ ಸೂಟಿ ಭಾನುವಾರಕ್ಕೆ ಹೋಗಿತ್ತು. ನಾನು ಬಾಯಿಪಾಠ ಮಾಡಿದ್ದ ಕಾಯ್ದೆಗಳಲ್ಲಿ ಯಾವುದು ಬದುಕಿದೆ, ಯಾವುದು ಸತ್ತಿದೆ ಎಂದು ಕೇಳಿದರೆ ದೊಡ್ಡ ದೊಡ್ಡ ವಕೀಲರೂ ಕೆಮ್ಮುತ್ತಿದ್ದರು. ಇಂಥ ಹೊತ್ತಿನಲ್ಲಿ ನನ್ನ ತಂದೆ ನನ್ನನ್ನು ಬೀದರಿನ ಅಂಚಿನ ಚಿದ್ರಿಯಲ್ಲಿದ್ದ ಒಬ್ಬ ಹಿರಿಯ ವಕೀಲರ ಕೈಗೆ ಒಪ್ಪಿಸಿದರು. ಐವತ್ತು ದಾಟಿದವರು. ಬೇಸಿಗೆಯಲ್ಲೂ ಶೇರವಾನಿಯ ಗುಂಡಿಗಳನ್ನು ಕತ್ತಿನವರೆಗೆ ಹಾಕುತ್ತಿದ್ದರು. ನಗುವುದಕ್ಕೆ ಬೇರೆ ಫೀಸು ಇದೆಯೇನೋ ಅನ್ನುವಂತೆ ನಗುತ್ತಲೇ ಇರಲಿಲ್ಲ. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ನಾನೂ ಅಂದೆ.

"ಏನ್ ಬರ್ತದ ನಿನಗ?" ಎಂದು ಮೊದಲ ದಿನವೇ ಕೇಳಿದರು.

ನಾನು ಸಾಕ್ಷ್ಯದ ಕಾಯ್ದೆ, ಕರಾರಿನ ಕಾಯ್ದೆ, ದಂಡದ ಕಾಯ್ದೆ ಎಂದು ಬೆರಳು ಮಡಚುತ್ತಾ ಹೋದೆ.

"ಅವೆಲ್ಲಾ ನನ್ನ ಕಪಾಟಿನ್ಯಾಗೂ ಅವ. ನಿನಗ ಏನ್ ಬರ್ತದ?"

ನನಗೆ ಸಿಟ್ಟು ಬಂತು. ಸಿಟ್ಟು ಬಂದಿದೆ ಎಂದು ಹೇಳುವಷ್ಟು ಧೈರ್ಯ ಬರಲಿಲ್ಲ.

ಸಾಹೇಬರ ಕಚೇರಿಯಲ್ಲಿ ಒಂದು ಪದ್ಧತಿ ಇತ್ತು. ನಮ್ಮ ಕಕ್ಷಿದಾರ ಗೆದ್ದರೆ ಅವನು ತನ್ನ ಪಾಡಿಗೆ ತಾನು ಹೋಗಬಹುದು. ಸೋತರೆ ಮಾತ್ರ, ಕಿರಿಯ ವಕೀಲ ಅವನ ಜೊತೆಗೇ ಅವನ ಊರಿಗೆ ಹೋಗಬೇಕು. ಅವನ ಮನೆಯವರನ್ನೆಲ್ಲ ಕೂರಿಸಿಕೊಂಡು, ಯಾಕೆ ಸೋತೆವು ಎಂದು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಅವರು ಹಾಕಿದ್ದನ್ನು ಉಂಡು ಬರಬೇಕು. "ಗೆದ್ದವಗ ತೀರ್ಪು ಯಾತಕ್ಕ ತಿಳೀಬೇಕು? ಸೋತವಗ ತಿಳೀಬೇಕು. ಅವಗ ತಿಳಿಸ್ಲಿಕ್ಕೆ ಆಗ್ಲಿಲ್ಲಂದ್ರ ನಿನಗೂ ತಿಳಿದಿಲ್ಲ ಅಂತ ಅರ್ಥ" ಎನ್ನುತ್ತಿದ್ದರು. ಕೋರ್ಟಿಗೆ ಹೋದವರಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ನಮ್ಮಲ್ಲಿದೆ. ಸತ್ತವನ ಮನೆಗೆ ಹೋಗುವುದು ಧರ್ಮ ಎಂದು ಸಾಹೇಬರು ತಿಳಿದಿದ್ದರೋ ಏನೋ. ಬೇರೆ ವಕೀಲರು ಕೋರ್ಟಿನ ಹಿಂಬಾಗಿಲಿಂದ ಹೋಗುವ ದಿನ ನಾನು ಮುಂಬಾಗಿಲಿಂದ, ಅಳುವ ಮನುಷ್ಯನ ಪಕ್ಕದಲ್ಲಿ ಹೋಗಬೇಕಾಗುತ್ತಿತ್ತು.

ಮೊದಲ ಸಲ ಹೋದದ್ದು ಔರಾದಿಗೆ. ಅಲ್ಲಿನ ಕಿರಾಣಿ ಅಂಗಡಿಯವನೊಬ್ಬ, ಪಕ್ಕದ ಮಾಳಿಗೆಯ ಮಳೆನೀರು ತನ್ನ ಅಂಗಳಕ್ಕೆ ಬೀಳಬಾರದು ಎಂದು ದಾವೆ ಹಾಕಿ ಸೋತಿದ್ದ. ಅವನು ನನ್ನನ್ನು ಅಂಗಡಿಯ ಕಟ್ಟೆಯ ಮೇಲೆ ಕೂರಿಸಿ, ಉಪ್ಪು ಬೆಲ್ಲಕ್ಕೆ ಬಂದ ಪ್ರತಿಯೊಬ್ಬರಿಗೂ ತೋರಿಸಿದ: "ಇವ್ರೇ ನಮ್ಮ ವಕೀಲ್ರು. ಹ್ಯಾಂಗ ಸೋತ್ರಿ, ಹೇಳ್ರಿ ಸಾಹೇಬ್ರ ಇವ್ರಿಗಿ." ಮೊದಲ ಗಿರಾಕಿಗೆ ಹೇಳುವಾಗ ನನ್ನ ಮಾತು ಅರ್ಧ ಫಾರಸಿ. ಅವನು ಉಪ್ಪು ತಗೊಳ್ಳುವುದನ್ನು ಮರೆತು ಹೋದ. ಹೇಳಿ ಹೇಳಿ ಸಂಜೆಗೆ ನನ್ನ ವಾದ ಇಷ್ಟಕ್ಕೆ ಇಳಿಯಿತು: "ನೀರು ಅಜ್ಜನ ಕಾಲದಿಂದ ಹಾಂಗೇ ಹರೀಲಿಕತ್ತಿತ್ತು. ಇನ್ನ ಮ್ಯಾಲೂ ಹಾಂಗೇ ಹರೀತದ." ಅದನ್ನು ಕೇಳಿ ಅಂಗಡಿಯವನ ಹೆಂಡತಿ ಒಳಗಿನಿಂದಲೇ, "ಇಷ್ಟೇ ಇದ್ರ ಮೊದಲೇ ಹೇಳಬಾರದೇನ್ರಿ" ಎಂದಳು. ರೊಟ್ಟಿ, ಪುಂಡಿಪಲ್ಯ ಬಡಿಸಿದಳು.

ಬೀದರಿಗೆ ಮರಳಿದ ಮೇಲೆ ಸಾಹೇಬರು ಕೇಳಿದ್ದು ಒಂದೇ ಮಾತು. "ಏನ್ ಉಣಿಸಿದ್ರು?"

ಅದು ಅವರ ಪರೀಕ್ಷೆ. ಬರೀ ಚಹಾ ಕೊಟ್ಟು ಕಳಿಸಿದರೆ ನಾನು ಸರಿಯಾಗಿ ಹೇಳಿಲ್ಲ. ರೊಟ್ಟಿ ಪಲ್ಯವಾದರೆ ತಿಳಿದಿದೆ. ಸಿಹಿ ಮಾಡಿ ಹಾಕಿದರೆ ಕೆಲಸ ಪೂರ್ತಿ ಕೆಟ್ಟಿದೆ, ಮನೆಯವರು ತಾವು ಗೆದ್ದೆವೆಂದು ತಿಳಿದುಕೊಂಡಿದ್ದಾರೆ. ಒಮ್ಮೆ ನನಗೆ ಶಾವಿಗೆ ಪಾಯಸ ಸಿಕ್ಕಿತ್ತು. ಮರುದಿನವೇ ಮತ್ತೆ ಆ ಊರಿಗೆ ಅಟ್ಟಿದರು.

ಇನ್ನು ಭಾಲ್ಕಿ ಕಡೆಯ ಮೆಹಕರ ಎಂಬ ಊರಿನ ವಿಷಯ. ಅಲ್ಲಿಂದ ಬಂದಿದ್ದ ಕಕ್ಷಿದಾರ ನಲವತ್ತರ ಆಸುಪಾಸಿನವನು. ಕುರಿ ಸಾಕುತ್ತಿದ್ದ, ಒಣ ಬೇಸಾಯದ ಒಂದು ಹೊಲವಿತ್ತು. ಪೊಲೀಸ್ ಆಕ್ಷನ್ನಿನ ಹಿಂದಿನ ಬೇಸಿಗೆಯಲ್ಲಿ ಊರುಗಳಲ್ಲಿ ಗದ್ದಲ ಹೆಚ್ಚಿದಾಗ, ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಕುರಿ ಹೊಡೆದುಕೊಂಡು, ನಿಜಾಮರ ಸರಹದ್ದು ದಾಟಿ ಸೋಲಾಪುರದ ಕಡೆ ಹೋದ. ಎಲ್ಲ ತಣ್ಣಗಾದ ಮೇಲೂ ಮೇವು ಇದ್ದಲ್ಲೇ ಇದ್ದು, ಒಂದು ವರ್ಷ ಕಳೆದು ತಿರುಗಿ ಬಂದ. ಬಂದು ನೋಡಿದರೆ ಹೊಲದಲ್ಲಿ ದಾಯಾದಿಯ ಎತ್ತುಗಳು ನೇಗಿಲು ಎಳೆಯುತ್ತಿದ್ದವು. ದಾಯಾದಿ ಎಂದರೆ ಚಿಕ್ಕಪ್ಪನ ಮಗ, ಗೋಡೆಗೆ ಗೋಡೆ ಹತ್ತಿದ ಮನೆ. ಹಿರಿಯರ ಕಾಲದ ಹಿಸ್ಸೆ ಬಾಯಿಮಾತಿನಲ್ಲೇ ಆದದ್ದರಿಂದ, ಹೊಲ ನನ್ನದು ಎನ್ನಲು ಕಾಗದವಿಲ್ಲ. ನನ್ನ ಕೈಯಲ್ಲಿತ್ತು, ಕಿತ್ತುಕೊಂಡರು ಎಂದಷ್ಟೇ ದಾವೆ ಹಾಕಬಹುದಿತ್ತು. ಅಂಥ ದಾವೆಗೆ ಮುದ್ದತ್ತು ಇದೆ. ಹೊಲ ಕೈಬಿಟ್ಟ ದಿನದಿಂದ ಗೊತ್ತು ಮಾಡಿದ ಕೆಲವು ತಿಂಗಳುಗಳೊಳಗೆ ಕೋರ್ಟಿಗೆ ಬರಬೇಕು.

ಹೊಲ ಯಾವಾಗ ಕೈಬಿಟ್ಟಿತು ಎಂದು ಕಚೇರಿಯಲ್ಲಿ ಕೇಳಿದಾಗ ಅವನು, ಕುರಿ ಹೊಡೆದುಕೊಂಡು ಹೋದ ದಿನ ಎಂದ. ಹಾಗೇ ಬರೆಯಲಾಯಿತು. ಭಾಲ್ಕಿಯ ಮುನ್ಸಿಫರು ಆ ದಿನದಿಂದ ಎಣಿಸಿ, ಮುದ್ದತ್ತು ಮೀರಿದೆ ಎಂದು ದಾವೆ ವಜಾ ಮಾಡಿದರು. ಎಲ್ಲವೂ ಕಾಯ್ದೆ ಪ್ರಕಾರವೇ ಇತ್ತು. ನನಗೆ ತಪ್ಪೇನೂ ಕಾಣಲಿಲ್ಲ.

ಪದ್ಧತಿಯಂತೆ ಅವನ ಜೊತೆ ಮೆಹಕರಕ್ಕೆ ಹೊರಟೆ; ಅರ್ಧ ದಾರಿ ಬಂಡಿ, ಅರ್ಧ ದಾರಿ ನಡಿಗೆ. ಮನೆಯಲ್ಲಿ ಅವನ ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಆಯಿ ಎಂದು ಊರೆಲ್ಲ ಕರೆಯುತ್ತಿತ್ತು. ನಾನು ಔರಾದಿನಲ್ಲಿ ಪಳಗಿದ ನಾಲಗೆಯಿಂದ ಚೊಕ್ಕವಾಗಿ ಹೇಳಿದೆ: "ಆಯಿ, ಹೊಲಾ ಬಿಟ್ಟು ಭಾಳ ದಿನ ಆದ ಮ್ಯಾಲ ಬಂದ್ರಿ. ಅದಕ್ಕ ಕೋರ್ಟ್ ಆಗಂಗಿಲ್ಲ ಅಂತು."

"ಯಾರ್ ಬಿಟ್ರು?"

"ನೀವೇರಿ."

"ನಾ ಎಲ್ಲಿ ಬಿಟ್ಟೀನಿ? ಅವ ಹೋದ ಕುರಿ ಹಿಂದ. ನಾ ಇಲ್ಲೇ ಇದ್ದೆ." ಆಕೆ ತಿರುಗಿಯೂ ನೋಡದೆ ರೊಟ್ಟಿ ಮಗುಚಿದಳು. "ನಾ ಬಿತ್ತಲಿಲ್ಲಂದ್ರ ನೀ ಉಣ್ಣಲಿಕತ್ತಿದ್ದು ಎಲ್ಲೀ ಜ್ವಾಳ, ತಮ್ಮಾ?"

ಮುರಿಯುತ್ತಿದ್ದ ರೊಟ್ಟಿಯನ್ನು ನಾನು ಮೂಸಿ ನೋಡಿದೆ. ಅದಕ್ಕೆ ಹಗೇವಿನ ಗಮಲು ಇತ್ತು. ನೆಲದೊಳಗೆ ತೋಡಿದ ಆ ಕಣಜದಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟ ಜೋಳಕ್ಕೆ ಒಂದು ಮುಗ್ಗಲು ವಾಸನೆ ಬರುತ್ತದೆ, ಉಂಡವರಿಗೆ ಗೊತ್ತು. ಅದನ್ನು ತುಂಬುವಾಗ ಒಬ್ಬ ಹಗ್ಗ ಕಟ್ಟಿಕೊಂಡು ಒಳಗಿಳಿಯಬೇಕು; ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟಿದರೆ ಅವನ ಜೀವ ಮೇಲೆ ಹಗ್ಗ ಹಿಡಿದವರ ಕೈಯಲ್ಲಿ. ಒಂದೊಂದೇ ಕೇಳಿದೆ. ಮನೆಯವರೆಲ್ಲ ಹೋದರೂ ಆಯಿ ಹೋಗಿರಲಿಲ್ಲ. ಪೊಲೀಸ್ ಆಕ್ಷನ್ ಆದ ಮೇಲೆ, ಮಳೆ ನಿಂತ ಹದ ನೋಡಿ, ಎತ್ತು ಕೇಳಿ ತಂದು ಆ ಹೊಲದಲ್ಲೇ ಬಿಳಿಜೋಳ ಬಿತ್ತಿಸಿದ್ದಳು. ರಾಶಿ ಮಾಡಿ ಹಗೇವು ತುಂಬಿದ್ದಳು. ದಾಯಾದಿ ಹೊಲಕ್ಕೆ ಕಾಲಿಟ್ಟದ್ದು ಅದಾದ ಮೇಲೆ, ಬೇಸಿಗೆಯಲ್ಲಿ. ಆ ದಿನದಿಂದ ಎಣಿಸಿದರೆ ನಮ್ಮ ದಾವೆ ಮುದ್ದತ್ತಿನೊಳಗೇ ಇತ್ತು. ಮಗನಿಗೆ ಇದು ಗೊತ್ತಿಲ್ಲದ್ದಲ್ಲ. ಅವನಿಗೆ ಹೊಲ ಹೋದದ್ದು ತಾನು ಬೆನ್ನು ತಿರುಗಿಸಿದ ದಿನವೇ. ಕೇಳಿದ್ದಕ್ಕೆ ಮನಸ್ಸಿನಲ್ಲಿದ್ದದ್ದನ್ನು ಹೇಳಿದ್ದ. ಆಯಿಯನ್ನು ಯಾರೂ ಕೇಳಿರಲಿಲ್ಲ. ಹೆಂಗಸು, ಮುದುಕಿ, ಕೋರ್ಟಿಗೆ ಯಾಕೆ ಎಂದು ನಮ್ಮೆಲ್ಲರ ಎಣಿಕೆ.

ಮುಖ್ಯವಾದ ಸಾಕ್ಷ್ಯವನ್ನು ಅಷ್ಟರಲ್ಲಿ ನಾನು ಒಂದೂವರೆ ರೊಟ್ಟಿಯಷ್ಟು ತಿಂದಾಗಿತ್ತು.

"ಎತ್ತು ಯಾರವು, ಆಯಿ? ಹಗೇವಿಗೆ ಇಳಿದವರು ಯಾರು?"

"ಮತ್ತ್ಯಾರು? ಅವನೇ" ಎಂದು ಆಕೆ ಪಕ್ಕದ ಗೋಡೆಯ ಕಡೆ ಗದ್ದ ತಿರುಗಿಸಿದಳು. ಗೋಡೆಯ ಆಚೆ ಇದ್ದವನು ನಮ್ಮ ಪ್ರತಿವಾದಿ.

ಸಾಹೇಬರು ಅಪೀಲು ಹಾಕಿಸಿದರು. ಬೀದರಿನ ದೊಡ್ಡ ಕೋರ್ಟು, ಸಾಕ್ಷಿ ಮತ್ತೆ ಕೇಳಿರಿ ಎಂದು ಮೊಕದ್ದಮೆಯನ್ನು ಭಾಲ್ಕಿಗೆ ವಾಪಸು ಕಳಿಸಿತು. ಪ್ರತಿವಾದಿಯ ಪಾಟೀಸವಾಲು ನೀನೇ ಮಾಡು ಎಂದು ಸಾಹೇಬರು ನನಗೆ ಬಿಟ್ಟರು. ಅವನು ನೆನಪಿಲ್ಲ ಎಂದರೆ ಸಾಕು, ನಮ್ಮದು ಮುಗಿಯಿತು. ಆಯಿ ಮಗನ ಪರ ಹೇಳಿದ್ದನ್ನು ಯಾರು ನಂಬುತ್ತಾರೆ? ಅವನ ವಕೀಲರು ನೆನಪಿಲ್ಲ ಎನ್ನು ಎಂದು ಕಲಿಸಿಯೂ ಇದ್ದರು. ಬೇವಿನ ಗಿಡದ ಕೆಳಗೆ ಕಲಿಸುತ್ತಿದ್ದುದು ಇಡೀ ಆವರಣಕ್ಕೆ ಕೇಳುತ್ತಿತ್ತು.

"ಗದ್ದಲ ಮುಗಿದ ಮ್ಯಾಲಿನ ಸುಗ್ಗ್ಯಾಗ ಆಯಿ ಹಗೇವಿನ್ಯಾಗ ಯಾರು ಇಳಿದಿದ್ರು?" ಎಂದೆ.

ಅವನು ತನ್ನ ವಕೀಲರನ್ನು ನೋಡಿದ. ಮುನ್ಸಿಫರನ್ನು ನೋಡಿದ. ಬಾಗಿಲಲ್ಲಿ ಸೆರಗು ಹೊದ್ದು ಕೂತಿದ್ದ ಆಯಿಯನ್ನು ನೋಡಿದ.

"ನಾನೇ ಇಳಿದಿದ್ದೆರಿ."

"ಜ್ವಾಳ ಯಾವ ಹೊಲದ್ದು?"

"ಆ ಹೊಲದ್ದೇರಿ. ಆಯಿ ಬಿತ್ತಿದ್ದು. ಎತ್ತು ನನ್ನವು."

ಅವನ ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ನಾವು ಗೆದ್ದೆವು. ತೀರ್ಪು ಬಂದ ದಿನ ಎದುರಿನ ವಕೀಲರು ಮಧ್ಯಾಹ್ನದ ರೈಲಿಗೆ ಹೊರಟುಹೋದರು. ಅವರ ಕಕ್ಷಿದಾರ ಕೋರ್ಟಿನ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ನಾನು ಸಾಹೇಬರ ಹಿಂದೆ ಸ್ಟೇಶನ್ನಿಗೆ ಹೊರಟೆ. ಅವರು ನಿಂತರು.

"ನೀ ಎಲ್ಲಿಗಿ?"

"ಬೀದರಿಗಿರಿ. ಗೆದ್ದೀವಲ್ಲರಿ."

"ಸೋತಾಂವ ಅಲ್ಲಿ ಕುಂತಾನ."

"ಅವ ನಮ್ಮಾಂವ ಅಲ್ಲರಿ, ಸಾಹೇಬ್ರ."

"ನಮ್ಮಾಂವ ಅಂತ ನಾ ಯಾವಾಗ ಅಂದೀನಿ?" ಎಂದು ಅವರು ರೈಲಿಗೆ ನಡೆದರು.

ಹೀಗೆ ನಾನು, ನಾನೇ ಸೋಲಿಸಿದವನ ಜೊತೆ ಮೆಹಕರಕ್ಕೆ ಹೋದೆ. ಅವನು ನನ್ನನ್ನು ಬಯ್ಯಬಹುದು ಎಂದುಕೊಂಡಿದ್ದೆ. ಬಂಡಿಯಲ್ಲಿ ಜಾಗ ಬಿಟ್ಟ. ಅವನದೂ ಒಂದು ಮಾತು ಇತ್ತು. "ಅವ ಕುರಿ ಹಿಂದ ಹೋದಾಗ ಆಯಿಗಿ ನೀರು ನಿಡಿ ನೋಡಿದಾಂವ ನಾ. ಎತ್ತು ನನ್ನವು, ದುಡಿಕಿ ನನ್ನದು. ಹೊಲಾ ನನಗ ಬರಬಾರದೇನ್ರಿ?" ಕಾಯ್ದೆಯಲ್ಲಿ ಅದಕ್ಕೆ ಉತ್ತರವಿತ್ತು. ನಾನು ಎತ್ತುಗಳಿಗೆ ವಯಸ್ಸೆಷ್ಟು ಎಂದು ಕೇಳಿದೆ.

ಅವನ ಹೆಂಡತಿ ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ನಾನು ಯಾರೆಂದು ಆಕೆಗೆ ಗೊತ್ತಿತ್ತು. ಆದರೂ ನೀರು ಕೊಟ್ಟು ಕೂರಿಸಿದಳು. ನಾನು ತೀರ್ಪು ಹೇಳಿದೆ. ಆಕೆ ಕೇಳಿದಳು.

"ಇವ್ರು ಖರೇ ಹೇಳಿದ್ದಕ್ಕ ಹೋತೇನ್ರಿ ಹೊಲಾ?"

"ಹೌದ್ರಿ, ಅಕ್ಕಾ."

"ಮತ್ತ ನೆನಪಿಲ್ಲ ಅಂದಿದ್ರ?"

"ಉಳೀತಿತ್ತು."

ಇದಕ್ಕಿಂತ ಸಣ್ಣದಾಗಿ, ಇದಕ್ಕಿಂತ ಚೊಕ್ಕವಾಗಿ ನಾನು ಯಾವ ತೀರ್ಪನ್ನೂ ತಿಳಿಸಿಲ್ಲ. ಆಕೆ ಗಂಡನ ಮುಖ ನೋಡಿದಳು. "ಹಗೇವಿಗಿ ಇಳಿದಾಗ ಮ್ಯಾಲ ಹಗ್ಗ ಹಿಡಿದಾಕಿ ಆಯಿ" ಎಂದ ಅವನು. "ಕಟಕಟಿನ್ಯಾಗ ನಿಂತು ಆಕಿನ್ನ ಸುಳ್ಳು ಮಾಡ್ಲೇನು?" ಆಕೆ ತಾಟು ಹಚ್ಚಿದಳು.

ಅಷ್ಟರಲ್ಲಿ ಗೋಡೆಯ ಆಚೆಯಿಂದ ಬಳೆಯ ಸದ್ದಾಯಿತು. ಗೆದ್ದ ಮನೆಯಲ್ಲಿ ಹೋಳಿಗೆ ಮಾಡಿದ್ದರು, ವಾಸನೆ ಆಗಲೇ ಬಂದಿತ್ತು. ಗೋಡೆಯ ಮೇಲೆ ಆಯಿಯ ಕೈ ಕಾಣಿಸಿತು, ಕೈಯಲ್ಲಿ ಮುಚ್ಚಿದ ಡಬರಿ. "ಹಗೇವಿಗಿ ಇಳಿದಾಂವಗ ಮೊದಲು ಹಾಕ್ರಿ" ಎಂದು ಧ್ವನಿ ಬಂತು. ಆಕೆ ಮುಖ ತೋರಿಸಲಿಲ್ಲ.

ಡಬರಿ ಬಹಳ ಹೊತ್ತು ಗೋಡೆಯ ಮೇಲೇ ಇತ್ತು. ಕೊನೆಗೆ ಎದ್ದು ಹೋದವನು ಅವನೇ. ಒಂದು ಹೋಳಿಗೆ ತೆಗೆದು ಎರಡು ಮಾಡಿ, ಅರ್ಧ ತನ್ನ ತಾಟಿಗೆ, ಅರ್ಧ ನನ್ನ ತಾಟಿಗೆ ಹಾಕಿದ. "ಉಣ್ರಿ ಸಾಹೇಬ್ರ" ಎಂದ. ನನಗೆ ಅಳು ಬಂತು. ಉಂಡೆ.

ಮರುದಿನ ಚಿದ್ರಿಯಲ್ಲಿ ಸಾಹೇಬರು ಕಾಗದದಿಂದ ತಲೆ ಎತ್ತದೆ ಕೇಳಿದರು. "ಏನ್ ಉಣಿಸಿದ್ರು?"

"ಹೋಳಿಗಿರಿ."

"ಹಂಗಾದ್ರ ಅವರಿಗಿ ತೀರ್ಪು ತಿಳಿದಿಲ್ಲ. ತಿರುಗಿ ಹೋಗು."

"ತಿಳಿದದರಿ, ಸಾಹೇಬ್ರ" ಎಂದೆ. ನಡೆದದ್ದನ್ನೆಲ್ಲ ಹೇಳಿದೆ.

ಸಾಹೇಬರು ಲೇಖಣಿ ಕೆಳಗಿಟ್ಟರು. ಶೇರವಾನಿಯ ಮೇಲಿನ ಗುಂಡಿ ಬಿಚ್ಚಿದರು. ಅವರ ಕತ್ತನ್ನು ನಾನು ಅವತ್ತೇ ಮೊದಲ ಸಲ ನೋಡಿದ್ದು. ಮುದುಕರ ಕತ್ತು, ಎಲ್ಲರ ಕತ್ತಿನ ಹಾಗೇ ಇತ್ತು. ಆಮೇಲೆ ಕೇಳಿದರು:

"ನನಗೊಂದು ತುಣುಕು ತರಬಾರದಾಗಿತ್ತೇನು?"