ಆದ್ರೆ ಮೇಡಂ ಮತ್ತು ಕಂಡಕ್ಟರನ ಪಂಪು

ಕೆಲವು ಕಸುಬುಗಳಲ್ಲಿ ಸರಕನ್ನು ಗಾಜಿನ ಕಪಾಟಿನಲ್ಲಿಟ್ಟು ತೋರಿಸಬಹುದು. ಅವಳದು ಆ ಜಾತಿಯ ಕಸುಬಲ್ಲ. ದೊಡ್ಡಾಸ್ಪತ್ರೆಯ ಎರಡನೇ ಮಹಡಿಯ ವಾರ್ಡಿನಲ್ಲಿ ಅವಳು ಕ್ಲಿನಿಕಲ್ ಫಾರ್ಮಸಿಸ್ಟ್. ಔಷಧಿ ಮಾರುವುದಿಲ್ಲ, ಬರೆದುಕೊಡುವುದಿಲ್ಲ, ಸೂಜಿ ಚುಚ್ಚುವುದೂ ಇಲ್ಲ. ಡಾಕ್ಟರು ಬರೆದದ್ದನ್ನು ಓದುತ್ತಾಳೆ. ಈ ಮಾತ್ರೆಗೂ ಆ ಮಾತ್ರೆಗೂ ಜಗಳವಿದೆಯೇ, ಕಿಡ್ನಿ ಸೋತವರಿಗೆ ಇಷ್ಟು ಹೆಚ್ಚಾಯಿತೇ, ಮನೆಯಲ್ಲಿ ನುಂಗುತ್ತಿದ್ದುದನ್ನೇ ಇಲ್ಲಿ ಬೇರೆ ಹೆಸರಿನಲ್ಲಿ ಮತ್ತೊಮ್ಮೆ ನುಂಗಿಸುತ್ತಿದ್ದಾರೆಯೇ ಎಂದು ನೋಡುತ್ತಾಳೆ. ಒಟ್ಟಿನಲ್ಲಿ ಬೇರೆಯವರು ಬೇಯಿಸುವ ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ. ಆರಿಸಿ ಎಸೆದ ಕಲ್ಲನ್ನು ಯಾರೂ ಹೊಗಳುವುದಿಲ್ಲ. ಉಳಿದ ಒಂದು ಕಲ್ಲು ಹಲ್ಲಿಗೆ ಸಿಕ್ಕರೆ ಊರಿಗೆಲ್ಲ ಸುದ್ದಿ.

ಈ ಕಲ್ಲಿನ ಮಾತು ಅವಳದೇ. ತನ್ನನ್ನು ಗೇಲಿ ಮಾಡುವ ಅವಕಾಶವನ್ನು ಅವಳು ಬೇರೆಯವರಿಗೆ ಕೊಡುತ್ತಿರಲಿಲ್ಲ. ಅವರು ಬಾಯಿ ತೆರೆಯುವ ಮೊದಲೇ ತಾನೇ ಆ ಕೆಲಸ ಮುಗಿಸಿಬಿಡುತ್ತಿದ್ದಳು. ಆದರೂ ಮನೆಯಲ್ಲಿ ಅತ್ತೆ ಒಂದು ಹೆಜ್ಜೆ ಮುಂದೆ. ಪಕ್ಕದ ಮನೆಯಾಕೆ ಒಮ್ಮೆ, "ನಿಮ್ಮ ಸೊಸೆ ಆಸ್ಪತ್ರೇಲಿ ಏನ್ ಮಾಡ್ತಾಳೆ?" ಎಂದು ಕೇಳಿದಾಗ ಅತ್ತೆ, "ಡಾಕ್ಟರು ಬರೀತಾರೆ, ಇವಳು ಓದ್ತಾಳೆ" ಎಂದರು.

"ಅಷ್ಟೇನಾ?"

"ಅಷ್ಟೇನಾ ಅಂತೀಯಲ್ಲ, ಅವರ ಅಕ್ಷರ ನೋಡಿದ್ದೀಯಾ?"

ವಾರ್ಡಿನಲ್ಲಿ ಅವಳ ಹೆಸರು 'ಆದ್ರೆ ಮೇಡಂ'. ಬೆಳಗಿನ ರೌಂಡ್ಸ್‌ನಲ್ಲಿ ಹಿರಿಯ ಡಾಕ್ಟರು ಮುಂದೆ, ಉಳಿದವರು ಹಿಂದೆ, ಎಲ್ಲರ ಹಿಂದೆ ಔಷಧಿ ಹಾಳೆಗಳನ್ನು ಎದೆಗವಚಿಕೊಂಡು ಇವಳು. ಡಾಕ್ಟರು ಒಂದು ಮಂಚ ಮುಗಿಸಿ ಮುಂದಿನದಕ್ಕೆ ಕಾಲೆತ್ತುವ ಹೊತ್ತಿಗೆ ಸರಿಯಾಗಿ ಹಿಂದಿನಿಂದ ದನಿ ಬರುತ್ತಿತ್ತು: "ಸರಿ ಸರ್, ಆದ್ರೆ..." ಎತ್ತಿದ ಕಾಲು ಮತ್ತೆ ನೆಲಕ್ಕಿಳಿಯುತ್ತಿತ್ತು. ಆ ಕಾಲಿನ ಮುಖ ನೋಡಿಯೇ ಡಾಕ್ಟರ ಸಿಟ್ಟು ಎಷ್ಟೆಂದು ಅಳೆಯುವುದನ್ನು ಅವಳು ಕಲಿತಿದ್ದಳು.

ಇಷ್ಟೆಲ್ಲ ನಗುವವಳಿಗೂ ಒಂದು ಹೆಮ್ಮೆ ಇತ್ತು. ಅದನ್ನು ಮಾತ್ರ ಗೇಲಿಗೆ ಬಿಟ್ಟಿರಲಿಲ್ಲ. ಉಬ್ಬಸದವರಿಗೆ ಪಂಪು ಬಳಸುವುದನ್ನು ಕಲಿಸುವುದರಲ್ಲಿ ತನ್ನ ಸಮ ಯಾರೂ ಇಲ್ಲ ಎಂದು ಅವಳು ನಂಬಿದ್ದಳು. ಬಾಯಿಗಿಟ್ಟು ಒತ್ತಿ ಎಳೆಯುವ ಆ ಪುಟ್ಟ ಪಂಪನ್ನು ನೋಡಿದರೆ ಸುಲಭ. ಆದರೆ ಒತ್ತುವುದಕ್ಕೂ ಎಳೆಯುವುದಕ್ಕೂ ತಾಳ ತಪ್ಪಿದರೆ ಔಷಧಿಯೆಲ್ಲ ನಾಲಿಗೆಯ ಪಾಲು. ಅದಕ್ಕೇ ಅವಳ ಕೋಟಿನ ಜೇಬಿನಲ್ಲಿ ತೋರಿಸಲೆಂದೇ ಇಟ್ಟ ಖಾಲಿ ಪಂಪು ಸದಾ ಇರುತ್ತಿತ್ತು. ಮಂಚದ ಪಕ್ಕ ಸ್ಟೂಲ್ ಎಳೆದು ಕೂತು, ಬೆನ್ನು ನೇರ ಮಾಡಿ, ಅಲ್ಲಾಡಿಸಿ, ಉಸಿರು ಹೊರಬಿಟ್ಟು, ಒತ್ತಿ, ನಿಧಾನವಾಗಿ ಎಳೆದು, ಉಸಿರು ಹಿಡಿದು ತೋರಿಸುತ್ತಿದ್ದಳು. ಆಮೇಲೆ ಅದೇ ಪಂಪನ್ನು ಒರೆಸಿ ರೋಗಿಯ ಕೈಗೆ ಕೊಟ್ಟು, "ನಾನು ಮಾಡಿದ ಹಾಗೇ ಮಾಡಿ. ಒಂದು ಚೂರೂ ಹೆಚ್ಚುಕಡಿಮೆ ಆಗಬಾರದು" ಎನ್ನುತ್ತಿದ್ದಳು. ಸರಿಯಾಗಿ ಮಾಡಿದರೆ ಕಲಿತಿದ್ದಾರೆ ಎಂದು ಬರೆದು ಮನೆಗೆ ಕಳಿಸುತ್ತಿದ್ದಳು.

ಕಂಡಕ್ಟರು ಅವಳ ಅಚ್ಚುಮೆಚ್ಚಿನ ಶಿಷ್ಯ. ಸಿಟಿ ಬಸ್ಸಿನ ಕಂಡಕ್ಟರು, ಐವತ್ತರ ಆಸುಪಾಸು, ಹೇಳಿದ ಮಾತು ಮೀರದ ಮನುಷ್ಯ. ಉಬ್ಬಸದಿಂದ ಮೊದಲ ಸಲ ಬಂದು ಸೇರಿದಾಗ ಪಂಪಿನ ಪಾಠವನ್ನು ಒಂದೇ ಸಲಕ್ಕೆ ಒಪ್ಪಿಸಿದ್ದರು. ಅವಳು ಕಿರಿಯ ನರ್ಸುಗಳನ್ನು ಕರೆದು, "ನೋಡಿ, ಹೀಗೆ ಮಾಡಬೇಕು" ಎಂದು ಅವರಿಂದ ಮತ್ತೊಮ್ಮೆ ಮಾಡಿಸಿ ತೋರಿಸಿದ್ದಳು.

ಆ ಶಿಷ್ಯೋತ್ತಮ ಕೆಲವೇ ದಿನಗಳಲ್ಲಿ ಏದುಸಿರು ಬಿಡುತ್ತಾ ವಾಪಸ್ಸು ಬಂದರು. ಮುಖಕ್ಕೆ ಮಾಸ್ಕ್ ಹಾಕಿ ಹೊಗೆಯಂತೆ ಔಷಧಿ ಬಿಟ್ಟರು, ಗುಣವಾಯಿತು. ಅವಳು ಪಾಠ ಮತ್ತೆ ಹೇಳಿಸಿದಳು, ಅಪ್ಪಟ ಚಿನ್ನ. ಮನೆಗೆ ಹೋದರು. ಮತ್ತೆ ಬಂದರು.

ಮೂರನೇ ಸಲ ಹಿರಿಯ ಡಾಕ್ಟರು ಮಂಚದ ಪಕ್ಕ ನಿಂತು ಯೋಚಿಸಿದರು. "ಇಲ್ಲಿದ್ರೆ ಚೆನ್ನಾಗಿರ್ತೀರಿ, ಕೆಲಸಕ್ಕೆ ಹೋದ್ರೆ ಬೀಳ್ತೀರಿ. ಪಂಪು ಸರಿಯಾಗೇ ತಗೋತಿದ್ದೀರಿ ಅಂತ ಇವರು ಬರೆದಿದ್ದಾರೆ. ಅಂದ್ರೆ ನಿಮಗೆ ಆಗದೇ ಇರೋದು ಬಸ್ಸು. ನಾಳೆ ಡಿಪೋಗೆ ಪತ್ರ ಬರೀತೀನಿ. ಇನ್ನು ಬಸ್ಸು ಹತ್ತೋದು ಬೇಡ."

"ಬಸ್ಸು ಹತ್ತದ ಕಂಡಕ್ಟರನ್ನ ಡಿಪೋದಲ್ಲಿ ಎಲ್ಲಿ ಕೂರಿಸ್ತಾರೆ ಗೊತ್ತಾ ಸಾರ್?" ಎಂದರು ಕಂಡಕ್ಟರು. "ಜನ ಮರೆತು ಬಿಟ್ಟುಹೋದ ಸಾಮಾನಿನ ಕೋಣೇಲಿ. ಕೊಡೆಗಳ ಜೊತೆ. ಇನ್ನು ಹತ್ತು ವರ್ಷ ನಾನು ಕೊಡೆ ಕಾಯಬೇಕಾ?"

ಅವರ ಹೆಂಡತಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ನಿಂತಿದ್ದರು. ಡಾಕ್ಟರು ಮುಂದಿನ ಮಂಚಕ್ಕೆ ಕಾಲೆತ್ತಿದರು. ಅಂದು ಹಿಂದಿನಿಂದ ಯಾವ ದನಿಯೂ ಬರಲಿಲ್ಲ.

ಸಂಜೆಯೊಳಗೆ ಏನಾದರೂ ಸಿಗಲೇಬೇಕೆಂದು ಅವಳು ಕಂಡಕ್ಟರ ಪಕ್ಕ ಸ್ಟೂಲ್ ಎಳೆದಳು. ತಲೆಯಲ್ಲಿದ್ದ ಪುಸ್ತಕವನ್ನೆಲ್ಲ ಬಿಚ್ಚಿದಳು. ಕೆಲವು ಕಣ್ಣಿನ ಹನಿಗಳಿಂದ, ನೋವಿನ ಮಾತ್ರೆಗಳಿಂದಲೂ ಉಬ್ಬಸ ಏಳುತ್ತದೆ. ಅದು ತಿಳಿದಿರುವವರು ಕಡಿಮೆ, ತಿಳಿದವಳೆಂದು ತೋರಿಸಿಕೊಳ್ಳುವ ಆಸೆ ಅವಳಿಗೆ ಬಹಳ.

"ಕಣ್ಣಿಗೆ ಏನಾದ್ರೂ ಹನಿ ಬಿಟ್ಕೋತೀರಾ?"

"ಕಣ್ಣು ಚೆನ್ನಾಗಿದೆ ಮೇಡಂ. ಹಿಂದಿನ ಬಾಗಿಲಲ್ಲಿ ಟಿಕೆಟ್ ತಗೊಳ್ಳದೆ ಇಳಿಯೋನನ್ನ ಮುಂದಿನ ಬಾಗಿಲಿಂದ ಹಿಡೀತೀನಿ."

"ಮಂಡಿನೋವು, ಬೆನ್ನುನೋವು ಅಂತ ಮಾತ್ರೆ?"

"ನಿಂತು ನಿಂತು ಕಾಲು ನೋಯುತ್ತೆ. ಇವಳು ಎಣ್ಣೆ ತಿಕ್ತಾಳೆ. ಎಣ್ಣೆ ಮೂಗಿಗೆ ಹೋಗಲ್ಲ."

"ಬೀಡಿ, ಸಿಗರೇಟು? ನಿಜ ಹೇಳಿ."

"ನನ್ನ ಕೇಳಿ ಮೇಡಂ," ಹೆಂಡತಿ ನಡುವೆ ಬಂದರು. "ಇವರಿಗೆ ಚಟ ಒಂದೇ, ದೊಡ್ಡವರು ಹೇಳಿದ್ದನ್ನ ಹಾಗೇ ಮಾಡೋದು. ನಮ್ಮ ಮನೇಲಿ ಅದೇ ಕಷ್ಟ."

ಅವಳು ಪಂಪು ಕೇಳಿ ತಿರುಗಿಸಿ ನೋಡಿದಳು. ಎಷ್ಟು ಸಲ ಒತ್ತಿದ್ದಾರೆಂದು ತೋರಿಸುವ ಪುಟ್ಟ ಕಿಟಕಿ ಅದರ ಬೆನ್ನಲ್ಲಿರುತ್ತದೆ. ಒಂದೂ ತಪ್ಪಿಲ್ಲ. ದಿನ ತಪ್ಪಿಸಿದವರಲ್ಲ, ಸುಳ್ಳು ಹೇಳಿದವರಲ್ಲ. ಅವಳ ಬತ್ತಳಿಕೆ ಖಾಲಿಯಾಯಿತು. ಹಾಗಾದರೆ ಡಾಕ್ಟರು ಹೇಳಿದ್ದೇ ಸರಿ, ಬಸ್ಸೇ ಆಗುತ್ತಿಲ್ಲ ಎಂದುಕೊಂಡು ಹಾಳೆ ಮಡಚಿದಳು.

"ಎರಡು ನಿಮಿಷ ಮೇಡಂ, ಮಾಸ್ಕ್ ಇವತ್ತು ಬಿಡಿಸಿದ್ರು, ಸಂಜೆಯಿಂದ ಪಂಪು ಅಂದಿದ್ದಾರೆ," ಎಂದು ಕಂಡಕ್ಟರು ಪಂಪು ವಾಪಸ್ಸು ತೆಗೆದುಕೊಂಡರು. ಬೆನ್ನು ನೇರ ಮಾಡಿದರು. ಅಲ್ಲಾಡಿಸಿದರು. ಉಸಿರು ಪೂರ್ತಿ ಹೊರಬಿಟ್ಟರು. ಪಂಪನ್ನು ತುಟಿಗಿಟ್ಟು, ಒತ್ತಿ, ನಿಧಾನವಾಗಿ ಎಳೆದು, ಕಣ್ಣು ಮುಚ್ಚಿ ಉಸಿರು ಹಿಡಿದು ಕೂತರು. ಶಿಷ್ಯೆ ಮೊದಲ ಸಲ ವೇದಿಕೆ ಹತ್ತಿದಾಗ ನಾಟ್ಯದ ಗುರು ಪರದೆಯ ಸಂದಿನಿಂದ ನೋಡುವಂತೆ ಅವಳು ನೋಡಿದಳು. ತಾಳ ಸರಿ, ಲಯ ಸರಿ, ಭಾವ ಸರಿ. ಆದರೂ ಏನೋ ಒಂದು ಕಣ್ಣಿಗೆ ಚುಚ್ಚಿತು.

"ಅದೇನದು, ತುದೀಲಿ?"

ಕಂಡಕ್ಟರು ಹಿಡಿದ ಉಸಿರು ಬಿಟ್ಟು ನೋಡಿದರು. "ಇದಾ? ಮುಚ್ಚಳ."

"ಮುಚ್ಚಳ ತೆಗೀಲಿಲ್ಲ ನೀವು?"

"ನೀವು ತೆಗೀಲಿಲ್ಲವಲ್ಲ ಮೇಡಂ!"

ಅವಳು ನಗಲು ಹೋದಳು. ಹಾಗೇ ಕೈ ತನ್ನ ಜೇಬಿಗೆ ಹೋಯಿತು, ತೋರಿಸುವ ಪಂಪು ಹೊರಬಂತು, ವರ್ಷಗಳ ರೂಢಿಯಿಂದ ಬೆನ್ನು ನೇರವಾಯಿತು, ಪಂಪು ತುಟಿಯ ಹತ್ತಿರ ಹೋಯಿತು. ಮುಚ್ಚಳ ಇದ್ದಲ್ಲೇ ಇತ್ತು. ಮಂಚದಿಂದ ಮಂಚಕ್ಕೆ ಹೋಗುವ ಪಂಪು, ಹತ್ತು ಜನರ ಬಾಯಿ ಸೋಕಬಾರದೆಂದು ಯಾವ ಕಾಲದಲ್ಲೋ ಮುಚ್ಚಳ ಹಾಕಿಯೇ ತೋರಿಸಲು ಶುರು ಮಾಡಿದ್ದಳು. ಮನಸ್ಸಿನಲ್ಲಿ ಮುಚ್ಚಳ ಪ್ರತಿ ಸಲವೂ ತೆಗೆದೇ ಇರುತ್ತಿತ್ತು. ಮನಸ್ಸಿನೊಳಗಿನದು ಕಂಡಕ್ಟರಿಗೆ ಹೇಗೆ ಕಾಣಬೇಕು?

"ನಾನು ಕೊಟ್ಟ ಚೀಟೀಲಿ ಮೊದಲನೇ ಸಾಲೇ ಮುಚ್ಚಳ ತೆಗೆಯಿರಿ ಅಂತ ಇದೆಯಲ್ಲ?"

"ನೀವೇ ಕಣ್ಣೆದುರು ಮಾಡಿ ತೋರಿಸಿದ ಮೇಲೆ ಚೀಟಿ ಯಾಕೆ ಓದ್ಲಿ?"

"ಮತ್ತೆ ಗಾಳಿ ಎಲ್ಲಿಂದ ಎಳೀತಿದ್ರಿ?"

"ಪಕ್ಕದಿಂದ ಸ್ವಲ್ಪ ಬರುತ್ತೆ. ಕಷ್ಟ ಇದೆ. ಕಷ್ಟ ಇದ್ರೇನೇ ಔಷಧಿ ಅಲ್ವಾ?"

"ನಾನು ಒಂದಿನ ಕೇಳಿದೆ ಮೇಡಂ," ಎಂದರು ಹೆಂಡತಿ, ಇದಕ್ಕಾಗಿಯೇ ಕಾದಿದ್ದವರಂತೆ. "ರೀ, ಅದಕ್ಕೊಂದು ಮುಚ್ಚಳ ಇದ್ದಂಗಿದೆಯಲ್ಲ ಅಂದೆ. 'ಓದಿರೋದು ನೀನಾ, ಮೇಡಂ ಅವ್ರಾ?' ಅಂದ್ರು."

ಅವಳು ಕಂಡಕ್ಟರ ಕೈಯ ಪಂಪಿನ ಮುಚ್ಚಳ ಎಳೆದಳು. ಒಳಗೆ ಬಿಳಿ ಪುಡಿ ಹೆಪ್ಪುಗಟ್ಟಿತ್ತು. ಕಂಡಕ್ಟರ ಎದೆಗೆ ಹೋಗಬೇಕಾದ ಔಷಧಿಯೆಲ್ಲ ನಿಷ್ಠೆಯಿಂದ ಮುಚ್ಚಳಕ್ಕೆ ಹೋಗಿತ್ತು. ಮುಚ್ಚಳಕ್ಕೆ ಉಬ್ಬಸ ಇದ್ದಿದ್ದರೆ ಎಂದೋ ವಾಸಿಯಾಗಿರುತ್ತಿತ್ತು.

ಮನೆಯಲ್ಲಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಅವನದು ಬೀಗದ ಅಂಗಡಿ. ತುತ್ತು ಗಂಟಲಿಗೆ ಸಿಕ್ಕಿ, ನೀರು ಕುಡಿದು, ಕಣ್ಣೊರೆಸಿಕೊಂಡು ಅವನು ಹೇಳಿದ: "ನೋಡೇ, ಬೀಗ ಮಾರೋನು ನಾನು. ಆದ್ರೂ ಜೊತೆಗೆ ಕೀಲಿ ಕೊಡ್ತೀನಿ."

"ನಗಬೇಡಿ. ನಾಳೆ ಡಾಕ್ಟರಿಗೆ ಏನಂತ ಹೇಳ್ಲಿ?"

"ಪಂಪು ಸರಿಯಾಗಿ ಬಳಸ್ತಿರಲಿಲ್ಲ, ಈಗ ಸರಿಮಾಡಿದ್ದೀನಿ ಅನ್ನು. ಸುಳ್ಳೇನಲ್ಲವಲ್ಲ."

ಸುಳ್ಳಲ್ಲ ನಿಜ. ತಕ್ಕಡಿಯ ಮುಳ್ಳು ನಡುವೆಯೇ ಇದೆ. ಹೆಬ್ಬೆರಳು ತಾಗಿರುವುದು ಗಿರಾಕಿಗೆ ಕಾಣುವುದಿಲ್ಲ, ಅಷ್ಟೆ. ಅವಳು ಆ ಮಾತನ್ನು ಬಾಯಲ್ಲಿ ಆಡಿಸಿ ನೋಡಿದಳು. ಚೆನ್ನಾಗಿಯೇ ಇತ್ತು. ಆದರೆ ಡಾಕ್ಟರು ಏನನ್ನುತ್ತಾರೆಂದೂ ಕೇಳಿಸಿತು: ಇಷ್ಟು ಸಲ ಕಲಿಸಿದರೂ ಕಲಿಯದವನು ಇನ್ನು ಮೇಲೆ ಕಲಿಯುತ್ತಾನೆಯೇ, ಪಂಪು ಬಿಡಿಸಿ ಮಾತ್ರೆ ಕೊಡಿ, ಬಸ್ಸಿನಿಂದ ಇಳಿಸಿ. ಕಂಡಕ್ಟರು ಪಾಠ ಕಲಿಯದವರಲ್ಲ, ಪಾಠವನ್ನೇ ಅತಿಯಾಗಿ ಕಲಿತವರು ಎನ್ನಬೇಕಾದರೆ, ಪಾಠ ಯಾರದೆಂದೂ ಹೇಳಬೇಕು.

"ಹೇಳಿಬಿಡಮ್ಮಾ," ಎಂದರು ಅತ್ತೆ ಒಳಗಿನಿಂದ. "ನಿನ್ನ ಮರ್ಯಾದೆ ಹೋದ್ರೆ ನಾಲ್ಕು ದಿನಕ್ಕೆ ವಾಪಸ್ ಬರುತ್ತೆ. ಅವನ ಬಸ್ಸು ಹೋದ್ರೆ ಬರಲ್ಲ."

ಬೆಳಗಿನ ರೌಂಡ್ಸ್‌ನಲ್ಲಿ ಡಾಕ್ಟರು ಪತ್ರದ ಹಾಳೆ ಹಿಡಿದೇ ಬಂದಿದ್ದರು. ಅವಳು ಹಿಂದಿನ ಸಾಲಿನಿಂದ ಮುಂದೆ ಬಂದು, ಗಂಟಲು ಸರಿಪಡಿಸಿಕೊಂಡು, ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ತಾನು ಮುಚ್ಚಳ ಹಾಕಿ ತೋರಿಸಿದ್ದು, ಅವರು ಮುಚ್ಚಳ ಹಾಕಿ ಒಪ್ಪಿಸಿದ್ದು, ತಾನು ಭೇಷ್ ಎಂದದ್ದು, ನರ್ಸುಗಳನ್ನು ಕರೆದು ತೋರಿಸಿದ್ದು. ಕಡೆಯದು ಹೇಳಬೇಕಾಗಿರಲಿಲ್ಲ; ಬಾಯಿ ಒಮ್ಮೆ ತೆರೆದ ಮೇಲೆ ಗೋಣಿ ಹರಿದ ಹಾಗೆ.

ಡಾಕ್ಟರು ಮುಚ್ಚಳದೊಳಗಿನ ಬಿಳಿ ಪುಡಿಯನ್ನು ಉಗುರಿನಿಂದ ಕೆರೆದು ನೋಡಿದರು. ನಗಲಿಲ್ಲ. ನಕ್ಕಿದ್ದರೇ ಸುಲಭವಿತ್ತು.

"ಈ ಥರ ಎಷ್ಟು ಜನಕ್ಕೆ ಕಲಿಸಿದ್ದೀರಿ?"

ಅದನ್ನು ಅವಳು ಯೋಚಿಸಿಯೇ ಇರಲಿಲ್ಲ.

"ಪತ್ರ ಎರಡು ವಾರ ನಿಲ್ಲಿಸ್ತೀನಿ," ಎಂದರು ಡಾಕ್ಟರು. "ರಜೆ ಇಲ್ಲ, ಅವರು ಬಸ್ಸಿಗೇ ಹೋಗ್ಲಿ. ಬಸ್ಸಿನ ತಪ್ಪಾ, ಮುಚ್ಚಳದ ತಪ್ಪಾ ಗೊತ್ತಾಗ್ಲಿ. ಅಷ್ಟರಲ್ಲಿ ನೀವು ಉಳಿದವರಿಗೆಲ್ಲ ಫೋನ್ ಮಾಡಿ."

ಮಾಡಿದಳು. ಊಟದ ಬಿಡುವಿನಲ್ಲಿ, ಔಷಧಿ ಕೋಣೆಯ ಫ್ರಿಜ್ಜಿನ ಪಕ್ಕ ನಿಂತು. "ನಮಸ್ಕಾರ, ಆಸ್ಪತ್ರೆಯಿಂದ. ಪಂಪು ತಗೊಳ್ಳೋವಾಗ ಮುಚ್ಚಳ ತೆಗೀತೀರಾ?" ಹೆಚ್ಚಿನವರು ನಕ್ಕರು. ಒಬ್ಬ ದರ್ಜಿ, "ತೆಗೀದೆ ಯಾರಾದ್ರೂ ತಗೋತಾರಾ ಮೇಡಂ? ಅವತ್ತು ನೀವು ಮರೆತಿರಿ, ಎಲ್ಲರ ಮುಂದೆ ಹೇಳಿದ್ರೆ ಚೆನ್ನಾಗಿರಲ್ಲ ಅಂತ ಸುಮ್ಮನಿದ್ದೆ" ಎಂದ. ಮತ್ತೊಬ್ಬಾಕೆ, ನಿವೃತ್ತ ಟೀಚರು, "ಎರಡು ಸಲ ಕೆಮ್ಮಿ ಸೂಚನೆ ಕೊಟ್ಟೆ, ನಿಮಗೆ ಗೊತ್ತಾಗಲಿಲ್ಲ" ಎಂದು ಗದರಿದರು. ಊರಿನವರೆಲ್ಲ ತನ್ನ ಮರ್ಯಾದೆಯನ್ನು ಇಷ್ಟು ದಿನ ಹೊತ್ತು ಕಾಪಾಡಿದ್ದು ಅವಳಿಗೆ ಅಂದು ಗೊತ್ತಾಯಿತು. ಒಬ್ಬ ಅಜ್ಜಿ ಮಾತ್ರ, "ತಡಿ, ನೋಡ್ತೀನಿ" ಎಂದರು. ಆಮೇಲೆ ಫೋನಿನ ಆ ತುದಿಯಲ್ಲಿ ಟಪ್ ಎಂದು ಏನೋ ಬಿಚ್ಚಿದ ಸದ್ದು. "ಅಯ್ಯೋ ನಿನ್ನ! ಇದು ತೆಗೆಯೋಕೆ ಬರುತ್ತಾ?" ಅವಳು ಸಂಜೆ ಬಸ್ಸಿಳಿದು ಆ ಅಜ್ಜಿಯ ಮನೆಗೇ ಹೋಗಿ, ಮುಚ್ಚಳ ತೆಗೆದು, ತೆಗೆದ ಮುಚ್ಚಳವನ್ನು ಅಂಗೈಯಲ್ಲಿಟ್ಟು ತೋರಿಸಿ ಬಂದಳು.

ಎರಡು ವಾರದ ನಂತರ ಕಂಡಕ್ಟರು ಖಾಕಿ ಅಂಗಿಯಲ್ಲೇ ಬಂದರು, ಹೆಂಡತಿಯೂ ಜೊತೆಗೆ. ಹೊರರೋಗಿಗಳ ಕೋಣೆಯಲ್ಲಿ ಡಾಕ್ಟರು ಊದುವ ಮೀಟರ್ ಕೊಟ್ಟರು. ಎದೆಯಲ್ಲಿ ಎಷ್ಟು ಬಲವಿದೆಯೆಂದು ಅದರ ಮುಳ್ಳು ಹೇಳುತ್ತದೆ. ಅವಳು ಬಾಗಿಲಿನ ಬಳಿ ನಿಂತಿದ್ದಳು. ಕಂಡಕ್ಟರು ಬಾಯಿಗಿಡುವ ಮೊದಲು ಮೀಟರನ್ನು ಹಿಂದೆ ಮುಂದೆ ತಿರುಗಿಸಿ, ಅವಳತ್ತ ನೋಡಿದರು.

"ಇದಕ್ಕೇನೂ ಇಲ್ಲ ತಾನೇ ಮೇಡಂ, ತೆಗೆಯೋ ಅಂಥದ್ದು?"

"ಇಲ್ಲ," ಎಂದಳು ಅವಳು. "ಇದ್ರೂ ನನ್ನ ಕೇಳಬೇಡಿ, ಮನೆಯವರನ್ನ ಕೇಳಿ."

ಹೆಂಡತಿ ಮೀಟರನ್ನು ಪರೀಕ್ಷಿಸಿ ತಲೆಯಾಡಿಸಿದರು. ಕಂಡಕ್ಟರು ಊದಿದರು. ಮುಳ್ಳು ಹೋಯಿತು, ಹೋಯಿತು, ಹಿಂದೆಂದೂ ಹೋಗದಷ್ಟು ದೂರ ಹೋಗಿ ನಿಂತಿತು. ಡಾಕ್ಟರು ಮತ್ತೊಮ್ಮೆ ಊದಿಸಿದರು. ಅಲ್ಲಿಗೇ ಬಂತು. ಅವರು ಡಿಪೋದ ಪತ್ರವನ್ನು ಎರಡಾಗಿ ಹರಿದು, ಹಿಂಬದಿ ಖಾಲಿ ಇದ್ದುದರಿಂದ ಚೀಟಿ ಬರೆಯಲು ಇಟ್ಟುಕೊಂಡರು. "ಬಸ್ಸಿನ ತಪ್ಪಿಲ್ಲ. ಹೋಗಿ ಬನ್ನಿ."

ಹೊರಗೆ ಕಾರಿಡಾರಿನ ತುಂಬ ಜನ. ಚೀಟಿ ಹಿಡಿದವರು, ಮಗು ಎತ್ತಿಕೊಂಡವರು, ದಾರಿಗೆ ಅಡ್ಡ ನಿಂತವರು. ಕಂಡಕ್ಟರು ಬಾಗಿಲಲ್ಲಿ ನಿಂತು ಎದೆ ತುಂಬ ಉಸಿರೆಳೆದುಕೊಂಡರು. ಎಳೆದುಕೊಂಡ ಉಸಿರನ್ನು ಏನು ಮಾಡುವುದೆಂದು ತಿಳಿಯದೆ, ಬಾಯಿಗೆ ಬಂದದ್ದನ್ನು ಕೂಗಿದರು:

"ಒಳಗಡೆ ಹೋಗ್ರೀ, ಒಳಗಡೆ ಜಾಗ ಇದೆ!"

"ಇದು ಆಸ್ಪತ್ರೆ ಕಣ್ರೀ!" ಎಂದು ಎಲ್ಲಿಂದಲೋ ಹಿರಿಯ ನರ್ಸ್ ಗದರಿದರು. ಆದರೆ ಅಷ್ಟರಲ್ಲಿ ಕಾರಿಡಾರಿನ ಜನರೆಲ್ಲ ರೂಢಿಯಂತೆ ಎರಡು ಹೆಜ್ಜೆ ಒಳಗೆ ಸರಿದಾಗಿತ್ತು. ಹಾಳೆಗಳನ್ನು ಎದೆಗವಚಿಕೊಂಡಿದ್ದ ಅವಳೂ ಸರಿದಿದ್ದಳು.