ಎಸ್ತೇರಮ್ಮನ ಮನೆಶಾಲೆ

ಬಿ.ಜಿ. ಕೆರೆಯಲ್ಲಿ ನಮ್ಮ ಪಕ್ಕದ ಮನೆಗೆ ಬಂದಿರುವ ಎಸ್ತೇರಮ್ಮ ತಮ್ಮ ಇಬ್ಬರು ಮಕ್ಕಳನ್ನು ಯಾವ ಶಾಲೆಗೂ ಕಳಿಸದೆ ಮನೆಯಲ್ಲೇ ಓದಿಸುತ್ತಾರೆಂದು ಕೇಳಿದಾಗ ನಾನು ಮೂಗಿನ ಮೇಲೆ ಬೆರಳಿಟ್ಟೆ. ಕಣ್ಣಾರೆ ನೋಡಿದ ಮೇಲೆ ಆ ಬೆರಳು ಇನ್ನೂ ಇಳಿದಿಲ್ಲ. ಒಂಬತ್ತಕ್ಕೆ ಸರಿಯಾಗಿ ಅವರು ಸೌಟಿನಿಂದ ಸ್ಟೀಲ್ ತಟ್ಟೆ ಬಾರಿಸುತ್ತಾರೆ. ಅಡುಗೆಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದ ಮಕ್ಕಳು ಹಿತ್ತಲ ಬಾಗಿಲಿಂದ ಹೊರಟು, ಮನೆ ಸುತ್ತಿಕೊಂಡು ಬಂದು, ಮುಂಬಾಗಿಲಲ್ಲಿ ನಿಂತು 'ಒಳಗೆ ಬರಲಾ ಮಿಸ್' ಎಂದು ಕೇಳಬೇಕು. ಆಮೇಲೆ ಪ್ರಾರ್ಥನೆ, ಹಾಜರಿ. ಅಪ್ಪಿತಪ್ಪಿ 'ಅವ್ವ' ಎಂದರೆ ತಿರುಗಿಯೂ ನೋಡುವುದಿಲ್ಲ. "ಅವ್ವ ಮನೇಲಿ ಇರ್ತಾಳೆ, ಇದು ಸ್ಕೂಲು," ಅನ್ನುತ್ತಾರೆ. ನಾಲ್ಕು ಗಂಟೆಗೆ ಹೋಮ್‌ವರ್ಕ್ ಕೊಟ್ಟು, ಮಲಗುವ ತನಕ ಅದನ್ನೇ ತಿದ್ದುತ್ತಾ ಕೂರುತ್ತಾರೆ. ಜ್ವರ ಬಂದರೂ ರಜೆ ಅರ್ಜಿ ಬರೆದುಕೊಡಬೇಕು. ಕೆಳಗೆ ಪೋಷಕರ ಸಹಿ ಹಾಕುವವರೂ ಅವರೇ, ರಜೆ ಮಂಜೂರು ಮಾಡುವವರೂ ಅವರೇ. ಕ್ರಿಸ್‌ಮಸ್ ವಾರ ಮಾತ್ರ ತಟ್ಟೆ ಬಾರಿಸಲಿಲ್ಲ. ಎಸ್ತೇರಮ್ಮ ಕಜ್ಜಾಯ ಸುಟ್ಟರು, ಜಗಲಿಯಲ್ಲಿ ಕೂತು ಮಗಳ ತಲೆ ಬಾಚಿದರು, ಜೋರಾಗಿ ನಕ್ಕಿದ್ದೂ ನಮಗೆ ಕೇಳಿಸಿತು. ರಜೆ ಮುಗಿಯುವ ದಿನ ಅವರೇ ಒಂದು ಹಾಳೆ ಹಿಡಿದು ನಮ್ಮ ಮನೆಗೆ ಬಂದರು. ಮುಖ ಬಿಳಿಚಿಕೊಂಡಿತ್ತು. "ಸುವಾರ್ತಾ ಬರ್ದವ್ಳೆ, ನೀವೇ ಓದ್ರಿ ರೇಣುಕಕ್ಕ." ಏಳು ವರ್ಷದ ಮಗಳ ದುಂಡನೆಯ ಅಕ್ಷರ: 'ಮಾನ್ಯ ಮಿಸ್ ಅವರಿಗೆ, ನಮ್ಮ ಅವ್ವ ಮನೆಗೆ ಬಂದಿರುವ ಕಾರಣ ಇನ್ನೂ ನಾಲ್ಕು ದಿನ ರಜೆ ಕೊಡಬೇಕಾಗಿ ವಿನಂತಿ.' ಕೆಳಗೆ ಪೋಷಕರ ಸಹಿಗೆ ಜಾಗ ಬಿಟ್ಟಿದ್ದಳು.