ಹುಳ ಜ್ವರಕ್ಕೆ ಕೂತೈತೆ, ಈಗ ಬರಬ್ಯಾಡಿ

ಶಿಡ್ಲಘಟ್ಟದ ಕಡೆಯ ನಮ್ಮಂಥ ಮನೆಗಳಲ್ಲಿ ರೇಷ್ಮೆಹುಳಕ್ಕೆ ಸಿಗುವ ಮರ್ಯಾದೆ ನೆಂಟರಿಗೆ ಸಿಗುವುದಿಲ್ಲ. ಪೊರೆ ಕಳಚುವ ಮುನ್ನ ಹುಳ ಸೊಪ್ಪು ತಿನ್ನದೆ ತಲೆ ಎತ್ತಿ ಸುಮ್ಮನೆ ಕೂತುಬಿಡುತ್ತದೆ. ಅದಕ್ಕೆ ನಾವು ‘ಜ್ವರ’ ಎನ್ನುತ್ತೇವೆ. ಆಗ ಹೊರಗಿನವರು ಬಂದರೆ ಅವರ ಕಾಲಧೂಳಿನಲ್ಲಿ ರೋಗ ಬಂದು ಬೆಳೆಯೇ ಹೋದೀತೆಂಬ ಭಯ. ಹಲಸಿನಹಣ್ಣು ಹೊತ್ತು ಬಂದ ಸ್ವಂತ ಅಣ್ಣನನ್ನೇ ಒಮ್ಮೆ ಗೇಟಿನಿಂದ ವಾಪಸು ಕಳಿಸಿದವಳು ನಾನು. ಹಣ್ಣು ಮಾತ್ರ ಇಳಿಸಿಕೊಂಡೆ.

ಮಗಳನ್ನು ಚಿಂತಾಮಣಿಯ ಆಚೆಗೆ ಕೊಟ್ಟಾಗ, ಬೀಗರದೂ ಹುಳ ಸಾಕುವ ಮನೆತನವೇ ಎಂದು ನೆಮ್ಮದಿಪಟ್ಟಿದ್ದೆ. ನಿಶ್ಚಿತಾರ್ಥಕ್ಕೆ ಮುಂಚೆ ಹೋಗಿ ನೋಡಿದ್ದ ಅವರ ಹಿಪ್ಪುನೇರಳೆ ತೋಟ, ಅದರ ಪಕ್ಕದಲ್ಲೇ ಹುಳ ಸಾಕಲೆಂದೇ ಕಟ್ಟಿಸಿದ್ದ ಹುಳದ ಮನೆ ಕಣ್ಣಿಗೆ ಹಬ್ಬವಾಗಿದ್ದವು. ಮದುವೆಯಾದ ಮೇಲೆ ಮಗಳನ್ನು ನೋಡಲು ಹೊರಟಾಗಲೆಲ್ಲ ಬೀಗಿತ್ತಿಯ ಫೋನು.

“ಈಗ ಬ್ಯಾಡಮ್ಮಾ, ಹುಳ ಜ್ವರಕ್ಕೆ ಕೂತೈತೆ. ಗೂಡು ಬಿಡಿಸಿದ ಮೇಲೆ ಬನ್ನಿ.”

ಮಗಳನ್ನಾದರೂ ಕಳಿಸಿ ಎಂದರೆ, ಸೊಪ್ಪು ಹಾಕೋ ಕೈ ಬೇಕಲ್ಲಮ್ಮಾ ಎನ್ನುತ್ತಿದ್ದಳು. ಫೋನಿಗೆ ಕರೆಯಿರಿ ಎಂದರೆ, ಸೊಪ್ಪಿಗೆ ಹೋಗವ್ಳೆ ಎನ್ನುತ್ತಿದ್ದಳು. ಯುಗಾದಿಗೂ ಜ್ವರ, ಗೌರಿಹಬ್ಬಕ್ಕೂ ಜ್ವರ. ನನ್ನ ಗಂಡ ಗೊಣಗಿದರೆ ನಾನೇ ಗದರುತ್ತಿದ್ದೆ: “ಇನ್ನೊಬ್ಬರ ಬೆಳೆ ಕೆಡಿಸೋಕೆ ಹೋಗ್ತೀರಾ? ಹುಳ ಸಾಕೋರಿಗೆ ಇಷ್ಟೂ ಗೊತ್ತಾಗಲ್ವಾ?”

ದೀಪಾವಳಿಯ ಗದ್ದಲದಲ್ಲಿ ತಪ್ಪಿಸಿಕೊಂಡು ಮಗಳು ಒಬ್ಬಳೇ ಬಸ್ಸಿಳಿದು ಬಂದಳು. ಕಾರು ಕೊಡಿಸಲಿಲ್ಲವೆಂದು ಗಂಡ, ಅತ್ತೆ ಹೊಡೆದ ಬಾಸುಂಡೆ ತೋಳಿನ ತುಂಬ. “ಬೇರೆ ರೂಮಲ್ಲಿ ಇಟ್ಟಿದ್ರು” ಎಂದಷ್ಟೇ ಹೇಳಿದಳು. ದೂರಿನಲ್ಲೂ ಹಾಗೇ ಬರೆಸಿದಳು. ಕೆದಕುವ ಧೈರ್ಯ ನನಗಿರಲಿಲ್ಲ.

ಪೊಲೀಸರು ಹೋಗುವಷ್ಟರಲ್ಲಿ ಅಮ್ಮ, ಮಗ ಇಬ್ಬರೂ ನಾಪತ್ತೆ. ಬಂಧಿಸುವ ಮೊದಲೇ ಸಿಗುವ ನಿರೀಕ್ಷಣಾ ಜಾಮೀನಿಗೆ ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ಅರ್ಜಿ ಹಾಕಿದ್ದರು. ಅದು ಸಿಕ್ಕರೆ ಇಲ್ಲಿಗೇ ಬಂದು ತನ್ನನ್ನು ಎಳೆದೊಯ್ಯುತ್ತಾರೆಂದು ಮಗಳು ಅನ್ನ ನೀರು ಬಿಟ್ಟಳು.

ವಿಚಾರಣೆಯ ದಿನ ನಾವು ಮೂವರೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಅವರ ವಕೀಲರು ಎದ್ದು, “ಮದುವೆಯಾದಾಗಿನಿಂದ ಹೆಣ್ಣಿನ ತಂದೆತಾಯಿ ಒಮ್ಮೆಯೂ ಆ ಮನೆಗೆ ಹೋಗಿಲ್ಲ. ಕಿರುಕುಳ ನಿಜವಾಗಿದ್ದರೆ ಹೆತ್ತವರು ಸುಮ್ಮನಿರುತ್ತಿದ್ದರೇ?” ಎಂದರು. ಎದ್ದು ನಿಂತು ಹುಳದ ವಿಷಯ ಕೂಗಿ ಹೇಳಬೇಕೆನಿಸಿತು. ಗಂಡ ಸೆರಗು ಹಿಡಿದು ಕೂರಿಸಿದರು.

ವಕೀಲರು ಅಷ್ಟಕ್ಕೇ ನಿಲ್ಲಿಸಲಿಲ್ಲ. “ನನ್ನ ಕಕ್ಷಿದಾರರು ಓಡಿಹೋಗುವವರಲ್ಲ. ಮದುವೆಗೆ ಮುಂಚೆಯೇ ಹಿಪ್ಪುನೇರಳೆಯೆಲ್ಲ ಕಿತ್ತು ಗುಲಾಬಿ ಹಾಕಿದ್ದಾರೆ. ದಿನಾ ಹೂ ಕೊಯ್ದು ಮಾರುಕಟ್ಟೆಗೆ ಕಳಿಸಬೇಕು. ಆ ತೋಟ ಬಿಟ್ಟು ಎಲ್ಲಿಗೆ ಹೋದಾರು?”

ಸೊಪ್ಪೇ ಇಲ್ಲದ ಮನೆಯಲ್ಲಿ ಹುಳ ಎಲ್ಲಿಂದ ಬಂತು? ಹಾಗಾದರೆ ಜ್ವರಕ್ಕೆ ಕೂತಿದ್ದು ಯಾವುದು? ನಮ್ಮ ನೇಮ ನಿಷ್ಠೆಯನ್ನೇ ಹಿಡಿದು ನಮ್ಮನ್ನು ಹೊರಗೆ ನಿಲ್ಲಿಸಿದ್ದಳು ಆ ಮಹಾತಾಯಿ.

ಜಾಮೀನು ಸಿಕ್ಕಿತು. ಮಗಳ ಹತ್ತಿರ ಅವರು ಸುಳಿಯುವಂತಿಲ್ಲ, ಕೇಸು ಇನ್ನೂ ಮುಗಿದಿಲ್ಲ ಎಂದು ಸರ್ಕಾರಿ ವಕೀಲರು ಸಮಾಧಾನ ಹೇಳಿದರು. ಒಂದೂ ನನ್ನ ಕಿವಿಗೆ ಇಳಿಯಲಿಲ್ಲ.

ಆಚೆ ಬಂದು ಹೊಂಗೆಮರದಡಿ ಮಗಳ ಕೈ ಹಿಡಿದುಕೊಂಡೆ.

“ಹುಳ ಜ್ವರಕ್ಕೆ ಕೂತೈತೆ, ಬರಬ್ಯಾಡಿ ಅಂತಿದ್ರು ಕಣೇ. ಅದಕ್ಕೇ ನಾವು ಬರಲಿಲ್ಲ.”

“ನಿಮ್ಮಮ್ಮನಿಗೆ ನೀನು ಬ್ಯಾಡವಂತೆ ಅಂತ ನನಗೆ ಹೇಳ್ತಿದ್ರು,” ಎಂದಳು ಮಗಳು.

“ಮತ್ತೆ ಆ ಹುಳದ ಮನೆ? ಖಾಲಿ ಬಿದ್ದಿತ್ತಾ?” ಎಂದೆ.

ಅವಳು ನನ್ನನ್ನೇ ನೋಡಿದಳು.

“ಖಾಲಿ ಎಲ್ಲಿತ್ತಮ್ಮ? ನನ್ನನ್ನ ಅಲ್ಲೇ ಅಲ್ವಾ ಇಟ್ಟಿದ್ದು.”